‘ದಿ ಮ್ಯಾಗ್ನಸ್ ಆರ್ಕೈವ್ಸ್’: ಒಂದೇ ದನಿ, 200 ಕಡತ, ಮತ್ತು ಕೇಳುವ ಕ್ರಮ

ಹಾರರ್ ಪಾಡ್‌ಕಾಸ್ಟ್ ಎಂದರೆ ಕಿರುಚಾಟ, ಕಿರ್ರೆನ್ನುವ ಬಾಗಿಲು, ಹಿಂದೆ ಎಳೆದೆಳೆದು ನುಡಿಸುವ ಪಿಟೀಲು ಎಂದುಕೊಂಡು ಕೂತವರಿಗೆ ‘ದಿ ಮ್ಯಾಗ್ನಸ್ ಆರ್ಕೈವ್ಸ್’ನ ಮೊದಲ ಎಪಿಸೋಡ್ ಸಪ್ಪೆ ಅನಿಸಬಹುದು. ಕ್ಯಾಸೆಟ್ ರೆಕಾರ್ಡರಿನ ಗುಂಡಿ ಒತ್ತಿದ ಸದ್ದು, ಟೇಪಿನ ಸಣ್ಣ ಸುಯ್ಲು, ದಾಖಲೆ ಓದುವ ಅಧಿಕಾರಿಯ ಬಿಗುಮಾನದ ದನಿ. ಅಷ್ಟೇ. ಅಷ್ಟರಲ್ಲೇ ಮೈ ತಣ್ಣಗಾಗುವಂತೆ ಮಾಡುತ್ತಾರೆ. ಇಂಗ್ಲಿಷ್ ಅರ್ಥವಾಗುವ ಕನ್ನಡಿಗರು ಒಂದೇ ಒಂದು ಹಾರರ್ ಆಡಿಯೋ ಸರಣಿ ಕೇಳುವುದಾದರೆ ಇದನ್ನೇ ಕೇಳಬೇಕು. ಆದರೆ ಅಡುಗೆ ಮಾಡುತ್ತಾ, ಫೋನಿನ ಸ್ಪೀಕರಿನಲ್ಲಿ, ಒಂದೂವರೆ ಪಟ್ಟು ವೇಗದಲ್ಲಿ ಕೇಳಿದರೆ ಸರಣಿಯ ಅರ್ಧ ಸತ್ವ ಕೈತಪ್ಪುತ್ತದೆ. ಹಾಗಾಗಿ ಸರಣಿ ಹೇಗಿದೆ ಎನ್ನುವುದರ ಜೊತೆಗೇ ಅದನ್ನು ಹೇಗೆ ಕೇಳಬೇಕು ಎನ್ನುವುದನ್ನೂ ಹೇಳಲೇಬೇಕು.

ಲಂಡನ್ನಿನ ರಸ್ಟಿ ಕ್ವಿಲ್ ಸಂಸ್ಥೆ ತಯಾರಿಸಿದ ಈ ಸರಣಿ 2016ರ ಮಾರ್ಚ್‌ನಲ್ಲಿ ಶುರುವಾಗಿ 2021ರ ಮಾರ್ಚ್‌ನಲ್ಲಿ ಮುಗಿಯಿತು. ಐದು ಸೀಸನ್, ಒಂದೊಂದರಲ್ಲಿ 40 ಎಪಿಸೋಡ್. ಬಹುಪಾಲು 20ರಿಂದ 30 ನಿಮಿಷದವು. ಬರೆದವರು ಜೊನಾಥನ್ ಸಿಮ್ಸ್, ಮುಖ್ಯ ಪಾತ್ರದ ದನಿಯೂ ಅವರದೇ, ಪಾತ್ರದ ಹೆಸರೂ ಅದೇ. ನಿರ್ದೇಶನ ಅಲೆಕ್ಸಾಂಡರ್ ಜೆ. ನ್ಯೂವಾಲ್ ಅವರದು. ಅತಿಮಾನುಷ ಅನುಭವಗಳ ಬಗ್ಗೆ ಜನರ ಹೇಳಿಕೆ ಪಡೆದು ಇಡುವ ಮ್ಯಾಗ್ನಸ್ ಇನ್‌ಸ್ಟಿಟ್ಯೂಟ್ ಎಂಬ ಕಾಲ್ಪನಿಕ ಸಂಸ್ಥೆಗೆ ಹೊಸ ಮುಖ್ಯ ದಾಖಲೆಗಾರ ಬರುತ್ತಾನೆ. ಹಿಂದಿದ್ದಾಕೆ ಕಡತಗಳನ್ನು ಅಸ್ತವ್ಯಸ್ತವಾಗಿ ಬಿಟ್ಟು ಹೋಗಿದ್ದಾಳೆ. ಈತ ಒಂದೊಂದನ್ನೇ ತೆಗೆದು ಓದಿ ರೆಕಾರ್ಡ್ ಮಾಡುತ್ತಾ ಹೋಗುತ್ತಾನೆ. ಕೆಲವು ಹೇಳಿಕೆಗಳನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದರೆ ದನಿ ಕೆಡುತ್ತದೆ, ಕ್ಯಾಸೆಟ್ಟಿನಲ್ಲಿ ಮಾತ್ರ ಸರಿಯಾಗಿ ನಿಲ್ಲುತ್ತದೆ. ಕಡತಗಳಲ್ಲಿ ಯಾವುದು ಸುಳ್ಳು, ಯಾವುದು ನಿಜ ಎನ್ನುವುದಕ್ಕೆ ಕೇಳುಗನಿಗೆ ಸಿಗುವ ಮೊದಲ ಗುರುತು ಇದು. ಯಾರೂ ಬೆರಳಿಟ್ಟು ತೋರಿಸುವುದಿಲ್ಲ, ನಾವೇ ಹಿಡಿಯಬೇಕು.

ಎಪಿಸೋಡಿನ ಕಟ್ಟಡ ಸರಳ. ಯಾರ ಹೇಳಿಕೆ, ಯಾವ ವಿಷಯ, ಯಾವ ದಿನ ಕೊಟ್ಟದ್ದು ಎಂದು ಹೇಳಿ, ನಂತರ ಹೇಳಿಕೆಯನ್ನು ಪೂರ್ತಿ ಓದುತ್ತಾನೆ. ಕೊನೆಗೆ ತನ್ನ ತಂಡ ನಡೆಸಿದ ವಿಚಾರಣೆಯ ಟಿಪ್ಪಣಿ. ಹೊಸ ಕೇಳುಗರು ತಪ್ಪುವುದು ಇಲ್ಲೇ. ಹೇಳಿಕೆ ಮುಗಿಯಿತು ಎಂದು ಆತ ಹೇಳಿದೊಡನೆ ಕಥೆ ಮುಗಿಯಿತೆಂದು ಮುಂದಿನ ಎಪಿಸೋಡಿಗೆ ಹಾರುತ್ತಾರೆ. ಸರಣಿಯ ನಿಜವಾದ ಪತ್ತೇದಾರಿಕೆ ಆಮೇಲಿನ ಕೆಲವು ನಿಮಿಷಗಳಲ್ಲಿ ಇದೆ. ಈ ವಿಳಾಸದಲ್ಲಿ ಅಂಥವರು ಯಾರೂ ಇರಲಿಲ್ಲ, ಸಾಕ್ಷಿ ಈಗ ಕಾಣೆಯಾಗಿದ್ದಾನೆ, ಸಾಗಿಸಿದ ಕಂಪನಿಯ ಹೆಸರು ಬೇರೊಂದು ಕಡತದಲ್ಲೂ ಇದೆ ಎಂಬಂಥ ಒಣ ವಾಕ್ಯಗಳಲ್ಲಿ ಒಂದು ಕಥೆ ಇನ್ನೊಂದಕ್ಕೆ ಗಂಟು ಬೀಳುತ್ತದೆ. 4ನೇ ಎಪಿಸೋಡಿನಲ್ಲಿ ಯೂರ್ಗನ್ ಲೈಟ್ನರ್ ಎಂಬ ಪುಸ್ತಕ ಸಂಗ್ರಾಹಕನ ಹೆಸರು ಬರುತ್ತದೆ. ಆ ಹೆಸರನ್ನು ಅಲ್ಲೇ ಬರೆದಿಟ್ಟುಕೊಳ್ಳಿ.

ಬರೆದಿಟ್ಟುಕೊಳ್ಳಿ ಎಂದದ್ದು ಸುಮ್ಮನೆ ಅಲ್ಲ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಸಾಕು: ಎಪಿಸೋಡ್ ಸಂಖ್ಯೆ, ಕಡತ ಸಂಖ್ಯೆ, ಹೇಳಿಕೆ ಕೊಟ್ಟವರು, ಬಂದುಹೋದ ಇತರ ಹೆಸರು ಮತ್ತು ಜಾಗ. ಕಡತ ಸಂಖ್ಯೆಗೂ ಒಂದು ಲೆಕ್ಕವಿದೆ. ಮೊದಲ ಎಪಿಸೋಡಿನದು 0122204. ಮೊದಲ ಮೂರು ಅಂಕಿ ವರ್ಷದ ಕೊನೆಯ ಮೂರು, ನಂತರ ದಿನ, ನಂತರ ತಿಂಗಳು. ಅಂದರೆ 2012ರ ಏಪ್ರಿಲ್ 22. ಎರಡನೆಯದು 9982211, 1998ರ ನವೆಂಬರ್ 22. ವರ್ಷದ ಮೊದಲ ಅಂಕಿ ಇದರಲ್ಲಿ ಇಲ್ಲ, ಅದನ್ನು ಹೇಳಿಕೆಯಿಂದ ತಿಳಿಯಬೇಕು. 23ನೇ ಎಪಿಸೋಡಿನ ಕಡತ 1816ರದು. ಕಡತಗಳು ಕಾಲಕ್ರಮದಲ್ಲಿ ಬರುವುದಿಲ್ಲವಾದ್ದರಿಂದ, ಒಂದು ಸೀಸನ್ ಮುಗಿದ ಮೇಲೆ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದರೆ ಯಾವುದು ಯಾವುದಕ್ಕೆ ಕಾರಣವಾಯಿತು ಎನ್ನುವುದು ಥಟ್ಟನೆ ಕಾಣುತ್ತದೆ. ಇಷ್ಟು ತಾಳ್ಮೆಯಿಂದ ಹೆಣೆದ ಆಡಿಯೋ ಸರಣಿ ಅಪರೂಪ, ಬರಹಗಾರನ ಶ್ರಮಕ್ಕೆ ಈ ಒಂದು ಹಾಳೆಯ ಗೌರವವಾದರೂ ಸಲ್ಲಬೇಕು.

ಮೊದಲ ಸೀಸನ್ನಿನ ಕಥೆಗಳು ಹೆದರಿಸುವ ಬಗೆ ಬೇರೆ ಬೇರೆ. ಮೊದಲನೆಯದರಲ್ಲಿ ಎಡಿನ್‌ಬರೋದ ಓಣಿಯೊಂದರ ಬಾಯಲ್ಲಿ ನಿಂತು ಸಿಗರೇಟು ಕೇಳುವ ಆಕೃತಿ. 5ರಲ್ಲಿ ಕಸ ಸಾಗಿಸುವ ಕೆಲಸಗಾರರಿಗೆ ಒಂದೇ ಮನೆಯ ಮುಂದೆ ಸಿಗುವ ಚೀಲಗಳು. ಒಳಗೇನಿದೆ ಎನ್ನುವುದನ್ನು ಇಲ್ಲಿ ಹೇಳಿದರೆ ನಿಮಗೇ ನಷ್ಟ. 6ರಲ್ಲಿ ಹುಳು. ಹುಳು ಕಂಡರೆ ಆಗದವರು ಊಟದ ಹೊತ್ತಿಗೆ ಇದನ್ನು ಹಚ್ಚಬೇಡಿ, ಆ ಎಳೆ ಮೊದಲ ಸೀಸನ್ ತುಂಬಾ ಹರಿದಾಡುತ್ತದೆ. 13ರಲ್ಲಿ ಮೊದಲ ಬಾರಿಗೆ ಹೇಳಿಕೆ ಕೊಡುವವಳೇ ಎದುರು ಕೂತು ಮಾತಾಡುತ್ತಾಳೆ. ಅಲ್ಲಿಯವರೆಗೆ ಎಲ್ಲರ ಮಾತೂ ಒಬ್ಬನ ಬಾಯಲ್ಲೇ ಕೇಳಿದ್ದರಿಂದ ಆ ಎರಡನೇ ದನಿಯೇ ಬೆಚ್ಚಿಬೀಳಿಸುತ್ತದೆ. 22ರಲ್ಲಿ ಕಚೇರಿಯ ಸಹಾಯಕ ಮಾರ್ಟಿನ್ ತಾನೇ ಹೇಳಿಕೆ ಕೊಡಲು ಕೂರುತ್ತಾನೆ. ಕಡತದೊಳಗೆ ಇದ್ದದ್ದು ಕಚೇರಿಯ ಬಾಗಿಲಿಗೇ ಬಂತೆಂದು ಅರ್ಥ.

ಸರಣಿ ನಿಮಗೆ ಒಗ್ಗುತ್ತದೋ ಇಲ್ಲವೋ ಎಂದು ಪರೀಕ್ಷಿಸಲು 15ನೆಯದನ್ನು ಒಂದೇ ಒಂದಾಗಿ ಕೇಳಬಹುದು. ಅಕ್ಕ ತಂಗಿಯರಿಬ್ಬರು ಇಕ್ಕಟ್ಟಾದ ಗುಹೆಗೆ ಇಳಿಯುವ ಕಥೆ. ಹಿಂದಿನದೇನೂ ಗೊತ್ತಿಲ್ಲದಿದ್ದರೂ ಅರ್ಥವಾಗುತ್ತದೆ. ಬಂಡೆಗಳ ನಡುವೆ ಮೈ ಸಿಕ್ಕಿಕೊಂಡ ಕ್ಷಣವನ್ನು ಸಿಮ್ಸ್ ದನಿ ಏರಿಸದೆ, ವಾಕ್ಯಗಳನ್ನು ಗಿಡ್ಡ ಮಾಡುತ್ತಾ ಓದುತ್ತಾರೆ. ಲಿಫ್ಟಿನಲ್ಲಿ ಉಸಿರುಗಟ್ಟುವವರು ಇದನ್ನು ಬಿಟ್ಟು 5ನ್ನು ಆರಿಸಿಕೊಳ್ಳಿ. ಹಿಡಿಸಿತೋ, ಮತ್ತೆ 1ಕ್ಕೆ ಹೋಗಿ ಸಾಲಾಗಿ ಕೇಳಿ. 22ರವರೆಗೆ ಬಂದೂ ಕುತೂಹಲ ಹುಟ್ಟದಿದ್ದರೆ ಮುಂದುವರಿಯುವ ಅಗತ್ಯವಿಲ್ಲ.

ಸಾಲಾಗಿ ಕೇಳುವುದಕ್ಕೇ ಆ್ಯಪುಗಳು ಅಡ್ಡ ಬರುತ್ತವೆ. ಹೊಸ ಎಪಿಸೋಡ್ ಮೇಲೆ ಕಾಣಿಸುವ ವ್ಯವಸ್ಥೆ ಇದ್ದರೆ ಕೊನೆಯ ಸೀಸನ್ನಿನ ಶೀರ್ಷಿಕೆ, ವಿವರಣೆ ಮೊದಲೇ ಕಣ್ಣಿಗೆ ಬಿದ್ದು ಗುಟ್ಟು ಬಯಲಾಗುತ್ತದೆ. ಸರಣಿ ಸೇರಿಸಿದ ಕೂಡಲೇ ‘ಹಳೆಯದು ಮೊದಲು’ ಎಂದು ಬದಲಿಸಿ. ನಡುವೆ ಟ್ರೇಲರ್, ಪ್ರಶ್ನೋತ್ತರಗಳೂ ಇವೆ. ಪ್ರಶ್ನೋತ್ತರವನ್ನು ಆ ಸೀಸನ್ ಮುಗಿಯುವ ಮುನ್ನ ತೆರೆಯಬೇಡಿ.

ಎರಡನೆಯದು, ಮೌನ ಕತ್ತರಿಸುವ ಸೌಲಭ್ಯ. ಪಾಕೆಟ್ ಕಾಸ್ಟ್ಸ್, ಆ್ಯಂಟೆನಾಪಾಡ್, ಓವರ್‌ಕಾಸ್ಟ್ ಎಂಬ ಮೂರೂ ಪಾಡ್‌ಕಾಸ್ಟ್ ಆ್ಯಪುಗಳಲ್ಲಿ ಇದೆ, ಹೆಸರು ಬೇರೆ ಬೇರೆ. ಸುದ್ದಿ, ಸಂದರ್ಶನಕ್ಕೆ ಇದು ಒಳ್ಳೆಯದು, ಸಮಯ ಉಳಿಯುತ್ತದೆ. ಹಾರರ್‌ಗೆ ವಿಷ. ಓದುವವನು ಒಂದು ಹೆಸರಿನ ಮುಂದೆ ತಡೆದು ನಿಂತರೆ ಆ ತಡೆಯೇ ಕಥೆ. ಆ್ಯಪ್ ಅದನ್ನು ಖಾಲಿ ಜಾಗ ಎಂದು ಕಿತ್ತೆಸೆಯುತ್ತದೆ. ದನಿ ಹಿಗ್ಗಿಸುವ ಸೌಲಭ್ಯವನ್ನೂ ಆಫ್ ಮಾಡಿ, ಅದು ಮೆಲುದನಿಯನ್ನೂ ಗಟ್ಟಿದನಿಯನ್ನೂ ಒಂದೇ ಮಟ್ಟಕ್ಕೆ ತರುವುದರಿಂದ ಟೇಪಿನ ಸುಯ್ಲು ಮುಂದೆ ಬಂದು ಮಾತು ಹಿಂದೆ ಸರಿಯುತ್ತದೆ. ವೇಗ 1 ಇರಲಿ. ಇಂಗ್ಲೆಂಡಿನ ಉಚ್ಚಾರಣೆ ಕಿವಿಗೆ ಕೂರುವವರೆಗೆ 0.9 ಇಟ್ಟರೂ ಕೆಡುವುದಿಲ್ಲ. ಮೊದಲ ಇಷ್ಟು ಸೆಕೆಂಡು ಹಾರಿಸು ಎಂದು ಆ್ಯಪಿಗೆ ಹೇಳಿಡಬೇಡಿ. ಡೌನ್‌ಲೋಡ್ ಮಾಡುವ ಹೊತ್ತಿಗೆ ಸೇರುವ ಜಾಹೀರಾತಿನ ಉದ್ದ ಪ್ರತಿ ಸಲ ಬೇರೆಯಾಗುವುದರಿಂದ ಒಮ್ಮೆ ಜಾಹೀರಾತು ಉಳಿಯುತ್ತದೆ, ಇನ್ನೊಮ್ಮೆ ಕಥೆಯ ಆರಂಭವೇ ಹೋಗುತ್ತದೆ.

ಇಯರ್‌ಫೋನ್ ದುಬಾರಿಯದೇ ಬೇಕೆಂದಿಲ್ಲ, ಆದರೆ ಕಿವಿಯೊಳಗೆ ಸರಿಯಾಗಿ ಕೂರುವ ರಬ್ಬರ್ ತುದಿ ಬೇಕು. ತುದಿ ಸಡಿಲವಾದರೆ ಮೊದಲು ಸೋರಿಹೋಗುವುದು ತಗ್ಗಿನ ಗುಂಯ್‌ಗುಡುವ ಸದ್ದು, ಈ ಸರಣಿ ಹೆಚ್ಚು ನೆಚ್ಚಿಕೊಂಡಿರುವುದೂ ಅದನ್ನೇ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಅದು ಹೊರಡುವುದೇ ಇಲ್ಲ, ಓಡುವ ಬಸ್ಸಿನಲ್ಲಿ ಎಂಜಿನ್ ಅದನ್ನು ನುಂಗಿಬಿಡುತ್ತದೆ. ವಾಲ್ಯೂಮನ್ನು ಓದುವವನ ದನಿಗೆ ಹೊಂದಿಸಿ ಬಿಟ್ಟುಬಿಡಿ. ಸದ್ದಿಲ್ಲದ ಜಾಗದಲ್ಲಿ ಏರಿಸಿದರೆ ಮುಂದೆ ಬರುವ ಜಾಹೀರಾತು ಕಿವಿಗೆ ಬಡಿಯುತ್ತದೆ. ಮೊದಲ ಸೀಸನ್ನಿಗೆ ಒಂದೇ ಕಿವಿಯ ಇಯರ್‌ಫೋನ್ ಸಾಕಾದರೂ, ಪಾತ್ರಗಳು ಹೆಚ್ಚಿ ಕೋಣೆಗಳಲ್ಲಿ ಓಡಾಡತೊಡಗಿದ ಮೇಲೆ ಎರಡೂ ಬೇಕು. ಡೇಟಾ ಲೆಕ್ಕ: 128 ಕೆಬಿಪಿಎಸ್ ಫೈಲಾದರೆ ನಿಮಿಷಕ್ಕೆ ಸುಮಾರು 1 ಎಂಬಿ, ಒಂದು ಎಪಿಸೋಡಿಗೆ 25 ಎಂಬಿ ಆಸುಪಾಸು. ವೈಫೈ ಇದ್ದಾಗ ಹತ್ತು ಇಳಿಸಿಕೊಂಡರೆ ಘಾಟಿ ದಾರಿಯಲ್ಲಿ ಸಿಗ್ನಲ್ ಹೋದರೂ ಕಥೆ ತುಂಡಾಗದು.

ಕೊರತೆಗಳು ಇಲ್ಲದಿಲ್ಲ. ಪಾತ್ರಕ್ಕೊಂದು ದನಿ ಇರುವ ಆಕಾಶವಾಣಿ ನಾಟಕಗಳಿಗೆ ಒಗ್ಗಿದ ಕಿವಿಗೆ ಮೊದಲ ಹತ್ತು ಎಪಿಸೋಡ್ ಏಕತಾನ ಅನಿಸುತ್ತದೆ. ಕಸದ ಲಾರಿಯವನೂ ವಿದ್ಯಾರ್ಥಿಯೂ ಒಂದೇ ಬಗೆಯ ತಿದ್ದಿದ ಇಂಗ್ಲಿಷಿನಲ್ಲಿ ಹೇಳಿಕೆ ಬರೆಯುವುದು ನಂಬಲು ಕಷ್ಟ. ನಾಲ್ಕನೇ ಸೀಸನ್ನಿನಲ್ಲಿ ಕಚೇರಿಯೊಳಗಿನ ಜಗಳಗಳು ಕೆಲವು ಕಡೆ ಎಳೆದಾಡುತ್ತವೆ. 161ರಿಂದ ಸರಣಿಯ ರೂಪವೇ ಬದಲಾಗುತ್ತದೆ. ಕಡತದ ಶಿಸ್ತು ಹೋಗಿ ದೃಶ್ಯಗಳು ದಟ್ಟವಾಗುತ್ತವೆ, ಹಿಂಸೆಯೂ ಹೆಚ್ಚು. ಪತ್ತೇದಾರಿಕೆಗಾಗಿ ಬಂದವರಿಗೆ ಈ ಭಾಗ ಭಾರ. ಆದರೂ ಅಲ್ಲಿಯವರೆಗೆ ಬಂದವರು ಬಿಡಬಾರದು, ಮೊದಲ ಸೀಸನ್ನಿನ ಎಷ್ಟೋ ಸಣ್ಣ ಹೆಸರುಗಳಿಗೆ ಲೆಕ್ಕ ಸಿಗುವುದು ಆ ದಾರಿಯಲ್ಲೇ.

ಮಾತು ಹಿಡಿಯದಿದ್ದರೆ ಅಧಿಕೃತ ಲಿಖಿತ ಪಠ್ಯ ಉಚಿತವಾಗಿ ಸಿಗುತ್ತದೆ. ಮೊದಲು ಕೇಳಿ, ಆಮೇಲೆ ಹೆಸರುಗಳಿಗಾಗಿ ಮಾತ್ರ ನೋಡಿ. ಓದುತ್ತಾ ಕೇಳಿದರೆ ಕಣ್ಣು ಮುಂದೋಡಿ ಭಯ ಮೊದಲೇ ಕರಗುತ್ತದೆ.

ಎಲ್ಲ ಮುಗಿದ ಮೇಲೆ 2024ರಲ್ಲಿ ಶುರುವಾದ ‘ದಿ ಮ್ಯಾಗ್ನಸ್ ಪ್ರೋಟೋಕಾಲ್’ ಇದೆ. ಅಲ್ಲಿ ಸರ್ಕಾರಿ ಕಚೇರಿಯೊಂದರ ಹಳೇ ಕಂಪ್ಯೂಟರು ಕಡತಗಳನ್ನು ಓದುತ್ತದೆ. ಹೊಸಬರೂ ಕೇಳಬಹುದು, ಆದರೆ ಹಳೆಯದನ್ನು ಬಲ್ಲವರಿಗೆ ಹೆಚ್ಚು ದಕ್ಕುತ್ತದೆ. ಒಬ್ಬರ ಓದು ಬೇಡ, ಗಾಳಿ ಹಿಮ ಎಲ್ಲ ಕೇಳಿಸಬೇಕು ಎನ್ನುವವರಿಗೆ ನಾರ್ವೆಯ ಉತ್ತರದ ಸ್ವಾಲ್‌ಬಾರ್ಡ್ ದ್ವೀಪಗಳ ಹಿಮದಲ್ಲಿ ಸಿಕ್ಕಿಬಿದ್ದ ದುರಸ್ತಿ ತಂಡದ ಸರಣಿ ‘ದಿ ವೈಟ್ ವಾಲ್ಟ್’ ಹೊಂದುತ್ತದೆ.

ಕನ್ನಡದಲ್ಲಿ ಇಂಥದ್ದನ್ನು ಮಾಡಲು ಹೊರಟಿರುವ ತಂಡಗಳು ಪ್ರತಿ ಎಪಿಸೋಡಿನ ಕೊನೆಯಲ್ಲಿ ಹೇಳುವ ಪರವಾನಗಿಯನ್ನು ಗಮನವಿಟ್ಟು ಕೇಳಬೇಕು. ಸರಣಿ ಕ್ರಿಯೇಟಿವ್ ಕಾಮನ್ಸ್‌ನ 4.0 ಪರವಾನಗಿಯಲ್ಲಿದೆ, ಮೂರು ಷರತ್ತಿನೊಂದಿಗೆ: ಮೂಲದವರ ಹೆಸರು ಹೇಳಬೇಕು, ಅದರಿಂದ ದುಡ್ಡು ಮಾಡಬಾರದು, ಹೊಸದಾಗಿ ಮಾಡಿದ್ದನ್ನೂ ಅದೇ ಪರವಾನಗಿಯಲ್ಲೇ ಬಿಡಬೇಕು. ಅಂದರೆ 15ನೇ ಎಪಿಸೋಡನ್ನು ಕನ್ನಡಕ್ಕೆ ತಂದು ಕಾಲೇಜಿನ ನಾಟಕ ತಂಡವೊಂದು ರೆಕಾರ್ಡ್ ಮಾಡಿ ಉಚಿತವಾಗಿ ಹಂಚಬಹುದು. ಅದನ್ನೇ ಜಾಹೀರಾತಿನ ಆದಾಯ ಬರುವ ಚಾನೆಲ್ಲಿಗೆ ಹಾಕುವುದಾದರೆ ಮೊದಲು ರಸ್ಟಿ ಕ್ವಿಲ್‌ನವರ ಅನುಮತಿ ಪಡೆಯಬೇಕು.