ಐಎಟಿ ಪರೀಕ್ಷೆ: ತರಗತಿಗೆ ಸೈ, ಸಂದರ್ಶನಕ್ಕೆ ಬೇಡ

ನಮ್ಮ ಅರಿವಿಗೇ ಬಾರದ ಪೂರ್ವಗ್ರಹವನ್ನು ಬೆರಳಿನ ವೇಗದಿಂದ ಅಳೆಯುವ ಪರೀಕ್ಷೆ ಐಎಟಿ (ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್). ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ್ದು 1998ರಲ್ಲಿ. ಸಿಕಂದರಾಬಾದ್ ಮೂಲದ ಮಹಜರೀನ್ ಬನಾಜಿ ಹಾಗೂ ಬ್ರಯಾನ್ ನೊಸೆಕ್ ಜೊತೆ ಅವರು ಕಟ್ಟಿದ ಪ್ರಾಜೆಕ್ಟ್ ಇಂಪ್ಲಿಸಿಟ್ ತಾಣದಲ್ಲಿ ಇದು ಪುಕ್ಕಟೆ ಸಿಗುತ್ತದೆ. ಹತ್ತು ನಿಮಿಷದ ಕೆಲಸ.

ಒಟ್ಟು 7 ಸುತ್ತು. ಕಂಪ್ಯೂಟರಿನಲ್ಲಾದರೆ ಅಕ್ಷರಗಳ ಮೇಲಿನ ಸಾಲಿನ ಮೂರನೇ ಮತ್ತು ಎಂಟನೇ ಕೀಲಿಯ ಮೇಲೆ ತೋರುಬೆರಳು ಇಟ್ಟುಕೊಳ್ಳಬೇಕು. ‘ಲಿಂಗ–ಉದ್ಯೋಗ’ ಪರೀಕ್ಷೆಯಲ್ಲಿ ಗಂಡಸರ ಹೆಸರು, ಉದ್ಯೋಗದ ಪದ ಒಮ್ಮೆ ಒಂದೇ ಕೀಲಿಗೆ ಬರುತ್ತವೆ. ಹೆಂಗಸರ ಹೆಸರು, ಮನೆ–ಸಂಸಾರದ ಪದ ಇನ್ನೊಂದಕ್ಕೆ. ಆಮೇಲೆ ಜೋಡಿ ಅದಲುಬದಲು. ಯಾವ ಜೋಡಿಯಲ್ಲಿ ಕೈ ತಡವರಿಸಿತು ಎಂಬುದೇ ಲೆಕ್ಕ. ಎರಡರ ಸರಾಸರಿ ಸಮಯದ ಅಂತರವನ್ನು ನಿಮ್ಮದೇ ಉತ್ತರದ ವೇಗದ ಏರುಪೇರಿನಿಂದ ಭಾಗಿಸಿ ‘ಡಿ’ ಅಂಕ ಕೊಡುತ್ತಾರೆ: 0.15 ದಾಟಿದರೆ ಒಲವು ಅಲ್ಪ, 0.35ಕ್ಕೆ ಮಧ್ಯಮ, 0.65ಕ್ಕೆ ಪ್ರಬಲ. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಉತ್ತರ 300 ಮಿಲಿಸೆಕೆಂಡಿನೊಳಗೆ ಬಂದರೆ ಸುಮ್ಮನೆ ಕುಟ್ಟಿದ್ದೀರಿ ಎಂದೇ ಅರ್ಥ, ಫಲಿತಾಂಶ ಲೆಕ್ಕಕ್ಕಿಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್‌ಗೆ ಹೋಗುವ ಸಿಟಿಬಸ್ಸಿನಲ್ಲಿ ಮೊಬೈಲ್ ಹಿಡಿದು ಮಾಡುವಂಥದ್ದಲ್ಲ ಮಾರಾಯ್ರೇ.

ಹೆಸರುಗಳು ಅಮೆರಿಕದವು: ಡೇನಿಯಲ್, ಅನ್ನಾ, ರೆಬೆಕಾ. ಮಂಗಳೂರಲ್ಲಿ ಕ್ರೈಸ್ತರು ಹೆಚ್ಚಿರುವ ಬೆಂದೂರು, ಕುಲಶೇಖರದವರಿಗೆ ಇವು ಪಕ್ಕದ ಮನೆಯ ಹೆಸರುಗಳೇ. ಆದರೆ ಇಂಗ್ಲಿಷ್ ಓದುವುದೇ ನಿಧಾನವಾದ ವಿದ್ಯಾರ್ಥಿಗೆ ತಪ್ಪು ಹೆಚ್ಚುತ್ತದೆ, ಅಂಕ ಕಲಸಿಹೋಗುತ್ತದೆ. ಮೊದಲು ಬಂದ ಜೋಡಿ ಕೈಗೆ ಕೂತುಬಿಡುವುದು ಇನ್ನೊಂದು ತೊಡಕು. ಅದನ್ನು ತಗ್ಗಿಸಲೆಂದೇ ಕೀಲಿಗಳು ಬದಲಾಗುವ 5ನೇ ಸುತ್ತಿನ ಅಭ್ಯಾಸವನ್ನು ಉದ್ದ ಮಾಡುವುದುಂಟು. ಪೂರ್ತಿ ಹೋಗುವುದಿಲ್ಲ.

ದೊಡ್ಡ ದೋಷ ಬೇರೆ. ಒಬ್ಬರೇ ಎರಡು ಸಲ ಮಾಡಿದರೆ ಅಂಕಗಳ ನಡುವಿನ ಸಹಸಂಬಂಧ ಸುಮಾರು 0.5 ಮಾತ್ರ (ಪೂರ್ತಿ ಹೊಂದಿದರೆ 1). ಬೆಳಿಗ್ಗೆ ಒಂದು ತೂಕ, ಸಂಜೆ ಇನ್ನೊಂದು ತೋರಿಸುವ ತಕ್ಕಡಿಯನ್ನು ಬಂದರಿನಲ್ಲಿ ಯಾರೂ ಮೀನು ತೂಗಲು ಇಟ್ಟುಕೊಳ್ಳುವುದಿಲ್ಲ. ಅಂಕಕ್ಕೂ ನಿಜವಾದ ನಡವಳಿಕೆಗೂ ಇರುವ ನಂಟು ಕೂಡ ತೆಳುವೇ ಎಂದು 2013ರ ಒಂದು ಸಮಗ್ರ ವಿಶ್ಲೇಷಣೆ ತೋರಿಸಿತು. ಐಎಟಿ ಕಟ್ಟಿದವರು ಅದನ್ನು ಒಪ್ಪಲಿಲ್ಲ, ವಾದ ಮುಗಿದಿಲ್ಲ. ದೊಡ್ಡ ಗುಂಪಿನ ಒಲವು ನೋಡಲು, ಮಣಿಪಾಲದಂಥಲ್ಲಿ ಮನಶ್ಶಾಸ್ತ್ರ ಕಲಿಸಲು ಇದಕ್ಕಿಂತ ಒಳ್ಳೆಯ ಪುಕ್ಕಟೆ ಸಾಧನ ಸಿಗುವುದು ಕಷ್ಟ. ನನ್ನ ಅಂಕ ಐದಕ್ಕೆ ಮೂರೂವರೆ.

ಆದರೆ ಕಚೇರಿಯ ಎಚ್‌ಆರ್ ವಿಭಾಗ ಇದರ ಅಂಕ ಹಿಡಿದು ಯಾರನ್ನೂ ಆರಿಸಬಾರದು, ಬಿಡಲೂಬಾರದು. ಕರಾವಳಿಯಲ್ಲಿ ಪೂರ್ವಗ್ರಹ ಮಿಲಿಸೆಕೆಂಡಿನವರೆಗೆ ಕಾಯುವುದೂ ಇಲ್ಲ. ಶೆಟ್ಟಿ, ಪೂಜಾರಿ, ಡಿಸೋಜ, ಕಾಮತ್ ಎಂದು ಓದಿದ ಕೂಡಲೇ ‘ಊರು ಯಾವುದು, ಯಾರ ಪೈಕಿ?’ ಎಂಬ ಪ್ರಶ್ನೆ ಬಾಯಿಗೆ ಬಂದಿರುತ್ತದೆ. ಅರ್ಜಿಯಿಂದ ಅಡ್ಡಹೆಸರು, ಊರು, ಫೋಟೊ ಮುಚ್ಚಿ. ಎಲ್ಲರಿಗೂ ಅವೇ ಪ್ರಶ್ನೆ ಅದೇ ಕ್ರಮದಲ್ಲಿ ಕೇಳಿ, ಸಂದರ್ಶಕರು ಪರಸ್ಪರ ಮಾತಾಡುವ ಮೊದಲೇ ಪ್ರತಿ ಉತ್ತರಕ್ಕೂ ಅಂಕ ಬರೆದಿಡಲಿ. ಚಹಾಕ್ಕೆ ಎದ್ದಾಗ ಚರ್ಚಿಸಿ ಆಮೇಲೆ ಅಂಕ ಹಾಕಿದರೆ ಹಿರಿಯರ ಅಭಿಪ್ರಾಯವೇ ಎಲ್ಲರ ಹಾಳೆಯಲ್ಲೂ ಕಾಣಿಸುತ್ತದೆ.