ಪ್ಲಾಸ್ಮಾ ಟಾರ್ಚ್ ರಿಪೇರಿ, ಪೀಣ್ಯ: 22 ಸಾವಿರದ ಬೋರ್ಡ್ ಅಂದಿದ್ದು 1,600ಕ್ಕೆ ಮುಗೀತು (4 ಸ್ಟಾರ್)

ಈ ಅಂಗಡಿ ಹೊರಗಿಂದ ನೋಡಿದ್ರೆ ಒಳಗೆ ಹೋಗೋಕೇ ಮನಸ್ಸು ಬರಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಪೀಣ್ಯದ ಒಂದು ಅಡ್ಡರಸ್ತೆ, ಬಾಗ್ಲಲ್ಲೇ ಸುಟ್ಟೋಗಿರೋ ವೆಲ್ಡಿಂಗ್ ಸೆಟ್‌ಗಳ ರಾಶಿ, ಅಂಗಡಿ ಹೆಸರಿನ ಬೋರ್ಡ್ ಮೇಲೆ ಅರ್ಧ ಅಕ್ಷರ ತುಕ್ಕು ತಿಂದಿದೆ. ಆದ್ರೂ ನಾನು 4 ಸ್ಟಾರ್ ಕೊಡ್ತಿದೀನಿ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಪ್ಲಾಸ್ಮಾ ಕಟಿಂಗ್ ಮಷಿನ್ (ಕರೆಂಟ್ ಕಿಡಿ ಮತ್ತು ಗಾಳಿಯಿಂದ ಕಬ್ಬಿಣ ಕತ್ತರಿಸೋದು) ಇಟ್ಕೊಂಡಿರೋರಿಗೆ ಉಪಯೋಗ ಆಗುತ್ತೆ.

ನಮ್ದು ಲಗ್ಗೆರೆ ಹತ್ರ ಸಣ್ಣ ಫ್ಯಾಬ್ರಿಕೇಷನ್ ಶೆಡ್. ಗೇಟು, ಗ್ರಿಲ್ಲು, ಬೇಸ್ ಪ್ಲೇಟು ಇಂಥವೇ ಕೆಲ್ಸ. ಹೋದ ತಿಂಗ್ಳು 10 ಎಂಎಂ ಪ್ಲೇಟ್ ಕಟ್ ಮಾಡ್ತಿರ್ಬೇಕಾದ್ರೆ ಆರ್ಕ್, ಅಂದ್ರೆ ಕತ್ತರಿಸೋ ಕಿಡಿ, ಪಟಕ್ ಅಂತ ನಿಂತೋಯ್ತು, ಪ್ಯಾನೆಲ್‌ನಲ್ಲಿ ಟಾರ್ಚ್ (ಕೈಯಲ್ಲಿ ಹಿಡಿದು ಕತ್ತರಿಸೋ ಭಾಗ) ಚಿತ್ರದ ಪಕ್ಕ ಹಳದಿ ಲೈಟು. ಮ್ಯಾನ್ಯುಯಲ್ ತೆಗೆದ್ರೆ ಕ್ಯಾಪ್ ಸೆನ್ಸರ್ ಫಾಲ್ಟ್, ಅಂದ್ರೆ ಟಾರ್ಚ್ ತುದಿಯ ಕ್ಯಾಪ್ ಬಿಚ್ಚಿದೆ ಅಂತ. ಕ್ಯಾಪ್ ನೋಡಿದ್ರೆ ಗಟ್ಟಿಯಾಗೇ ಕೂತಿದೆ! ಬಿಚ್ಚಿ ಮತ್ತೆ ಹಾಕಿದ್ವಿ, ಲೈಟ್ ಹೋಗ್ಲಿಲ್ಲ. ಆಮೇಲೆ ಗೊತ್ತಾಗಿದ್ದು, ನಮ್ ಮಷಿನ್‌ನಲ್ಲಿ ಕ್ಯಾಪ್ ಸರಿ ಮಾಡಿದ್ಮೇಲೂ ಪವರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೇನೇ ಆ ಫಾಲ್ಟ್ ಹೋಗೋದಂತೆ. ಹಾಗೆ ಮಾಡಿದ್ರೆ ಎರಡು ನಿಮಿಷ ಓಡುತ್ತೆ, ಮತ್ತೆ ಅದೇ ಕಥೆ.

ಮೊದ್ಲು ಬೇರೆ ಒಬ್ಬ ಟೆಕ್ನಿಷಿಯನ್‌ನ ಶೆಡ್‌ಗೇ ಕರೆಸಿದ್ವಿ. ಬರೋಕೆ 500 ರೂಪಾಯಿ. ಬಂದವ್ನು ಸ್ವಿಚ್ ಆಫ್ ಮಾಡಿದ ಕೂಡ್ಲೇ ಕವರ್ ಬಿಚ್ಚಿ ಒಳಗೆ ಕೈ ಹಾಕ್ದ, ಹತ್ತು ನಿಮಿಷ ಬೋರ್ಡ್ ದಿಟ್ಟಿಸಿ ನೋಡಿ "ಮೇನ್ ಬೋರ್ಡ್ ಹೋಗಿದೆ ಸಾರ್, 22 ಸಾವಿರ, ಎರಡು ವಾರ ಆಗುತ್ತೆ, ಅಲ್ಲಿವರ್ಗೂ ಬೇಕಿದ್ರೆ ಸೆನ್ಸರ್‌ನ ಎರಡು ವೈರ್ ಜಾಯಿಂಟ್ ಮಾಡ್ಕೊಡ್ತೀನಿ, ಆರಾಮಾಗಿ ಓಡುತ್ತೆ" ಅಂದ. ಟಾರ್ಚ್ ಕೈಯಲ್ಲೂ ಹಿಡೀಲಿಲ್ಲ ಪುಣ್ಯಾತ್ಮ. ಆರ್ಡರ್ ಅರ್ಜೆಂಟ್ ಇತ್ತಲ್ಲ, ಹೂಂ ಅನ್ನೋದ್ರಲ್ಲಿದ್ದೆ, ಅಷ್ಟೊತ್ತಿಗೆ ಪಕ್ಕದ ಶೆಡ್ ಅಣ್ಣ ಈ ಅಂಗಡಿ ಹೇಳಿದ್ರು.

ಅಂಗಡಿ ಯಜಮಾನ್ರು 60ರ ಮೇಲಿನವ್ರು, ಮಾತು ಕಮ್ಮಿ. ಕೇಳಿದ ಮೊದಲ್ನೇ ಪ್ರಶ್ನೆ, "ಫಾಲ್ಟು ಸುಮ್ನೆ ಇಟ್ಟಾಗ ಬರುತ್ತೋ, ಟಾರ್ಚ್ ಆಡಿಸ್ದಾಗ ಬರುತ್ತೋ?" ನಾನು ಅದನ್ನ ಗಮನಿಸೇ ಇರ್ಲಿಲ್ಲ. ಒಂಥರಾ ನೋಡಿದ್ರು, ಬಿಡಿ. ಟಾರ್ಚ್ ಕನೆಕ್ಟರ್ ಮಷಿನ್‌ನಿಂದ ಬಿಚ್ಚಿ, ಆ ಸೆನ್ಸರ್‌ನ ಎರಡು ಪಿನ್‌ಗೆ ಮಲ್ಟಿಮೀಟರ್ ಬೀಪ್‌ನಲ್ಲಿ ಇಟ್ರು, ಅಂದ್ರೆ ವೈರ್ ಜೋಡಿಸಿಕೊಂಡಿದ್ರೆ ಮಾತ್ರ ಬೀಪ್ ಅನ್ನುತ್ತೆ. ಕ್ಯಾಪ್ ಹಾಕಿದ್ರೆ ಬೀಪ್, ಬಿಚ್ಚಿದ್ರೆ ನಿಲ್ಲುತ್ತೆ. ಸರಿಯಾಗೇ ಇದೆಯಲ್ಲ ಅಂದ್ಕೊಳ್ಳೋಷ್ಟರಲ್ಲಿ ಕ್ಯಾಪ್ ಹಾಕಿಟ್ಟು ಲೀಡ್‌ನ, ಅಂದ್ರೆ ಮಷಿನ್‌ನಿಂದ ಟಾರ್ಚ್‌ಗೆ ಬರೋ ಕೇಬಲ್‌ನ, ಗೇಣು ಗೇಣು ಬಗ್ಗಿಸ್ತಾ ಬಂದ್ರು. ಹ್ಯಾಂಡಲ್ ಹತ್ರ ಬಂದ ತಕ್ಷಣ ಬೀಪ್ ತೊದಲೋಕೆ ಶುರು. ಕಟ್ ಮಾಡ್ವಾಗ ಲೀಡ್ ಜಾಸ್ತಿ ಬಗ್ಗೋದು ಅಲ್ಲೇ, ಒಳಗೆ ಸಣ್ಣ ವೈರ್ ತುಂಡಾಗಿತ್ತು, ಮೇಲಿನ ಪ್ಲಾಸ್ಟಿಕ್ ಹಾಗೇ ಇದೆ ಅದಕ್ಕೇ ಕಣ್ಣಿಗೆ ಕಾಣಲ್ಲ. ಬೋರ್ಡ್ ಪಾಪ ಏನೂ ತಪ್ಪು ಮಾಡಿರ್ಲಿಲ್ಲ, ವೈರ್ ಕಟ್ ಆದಾಗ ಅದು ಕ್ಯಾಪ್ ಇಲ್ಲ ಅಂತ್ಲೇ ತಿಳ್ಕೊಳ್ಳೋದು.

ಇನ್ನೊಂದು ನಮ್ ಕಡೆಯ ತಪ್ಪು. ಕ್ಯಾಪ್ ನಾನು ಆನ್‌ಲೈನ್‌ನಲ್ಲಿ ಸಸ್ತಾಗೆ ಸಿಗ್ತು ಅಂತ ಡೂಪ್ಲಿಕೇಟ್ ತರಿಸಿದ್ದೆ. ಹಳೇ ಒರಿಜಿನಲ್ ಪಕ್ಕ ಇಟ್ಟು ತೋರಿಸಿದ್ರು, ಒಳಗಿನ ಅಂಚು ಕೂದಲೆಳೆಯಷ್ಟು ಗಿಡ್ಡ, ಸೆನ್ಸರ್ ಪಿನ್‌ನ ಒತ್ತೋದು ಬಾರ್ಡರ್‌ನಲ್ಲಿ, ಬಿಸಿ ಆಗಿ ಅದುರಿದ್ರೆ ಬಿಡ್ಬಹುದು. ಹುಡುಗ್ರು ಪ್ಲೈಯರ್ ಹಾಕಿ ತಿರುಗಿಸಿ ಥ್ರೆಡ್ ಬೇರೆ ಸವೆಸಿದ್ರು, ಅದನ್ನ ಕೈಯಲ್ಲಿ ಮಾತ್ರ ಟೈಟ್ ಮಾಡ್ಬೇಕಂತೆ. ಪಿನ್ ಮೇಲೆ ಕೂತಿದ್ದ ಕಪ್ಪು ಪುಡಿನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹತ್ತಿ ಕಡ್ಡೀಲಿ ಒರೆಸಿದ್ರು.

ಈಗ ಮುಖ್ಯ ವಿಷ್ಯ. ರಿಪೇರಿ ನಾಳೆ ಅಂದಿದ್ಕೆ ನಾನೇ ಬಾಯಿ ಬಿಟ್ಟು "ಇವತ್ತಿಗೆ ಸೆನ್ಸರ್‌ನ ಎರಡು ವೈರ್ ಸೇರಿಸಿ ಶಾರ್ಟ್ ಮಾಡ್ಕೊಡಿ ಯಜಮಾನ್ರೆ, ಒಂದಿನ ತಾನೆ" ಅಂದೆ. ಮನುಷ್ಯ ಟಾರ್ಚ್ ನನ್ ಮುಂದೆ ತಳ್ಳಿ "ತಗೊಂಡು ಹೋಗಿ" ಅಂದ್ರು, ಅಷ್ಟೇ. ಸ್ವಲ್ಪ ಹೊತ್ತಾದ್ಮೇಲೆ ಅವ್ರೇ ಕೇಳಿದ್ರು, "ನಿಮ್ ಹುಡುಗ್ರು ಕ್ಯಾಪ್ ಬಿಚ್ಚಿ ಒಳಗಿನ ನಾಝಲ್ ಬದಲಾಯಿಸ್ವಾಗ ಮಷಿನ್ ಆಫ್ ಮಾಡ್ತಾರಾ?" ನಿಜ ಹೇಳ್ಬೇಕಂದ್ರೆ ಯಾರೂ ಮಾಡಲ್ಲ. ಪ್ಲಾಸ್ಮಾ ಟಾರ್ಚ್‌ನಲ್ಲಿ ಆರ್ಕ್ ಇಲ್ದಿರ್ವಾಗ 250-300 ವೋಲ್ಟ್ ಡಿಸಿ ಬರುತ್ತೆ, ವೆಲ್ಡಿಂಗ್ ಸೆಟ್‌ನ 60-80 ವೋಲ್ಟ್ ಅಭ್ಯಾಸ ಇರೋ ನಮ್ಮಂಥೋರಿಗೆ ಅದರ ಅಂದಾಜೇ ಇರಲ್ಲ. ಕ್ಯಾಪ್ ಬಿಚ್ಚಿ ಎಲೆಕ್ಟ್ರೋಡ್ (ಒಳಗೆ ಕಿಡಿ ಹುಟ್ಟೋ ತುದಿ) ಮೇಲೆ ಬೆರಳಿಟ್ಟಾಗ ಮೊಣಕೈ ತಾಗಿ ಟ್ರಿಗರ್ ಒತ್ತಿದ್ರೂ ಕರೆಂಟ್ ಬರ್ಬಾರ್ದು ಅಂತ್ಲೇ ಆ ಸೆನ್ಸರ್ ಇಟ್ಟಿರೋದು. ವೈರ್ ಶಾರ್ಟ್ ಮಾಡಿದ್ರೆ ಕ್ಯಾಪ್ ಇಲ್ದೇ ಇದ್ರೂ ಮಷಿನ್‌ಗೆ ಇದೆ ಅಂತ್ಲೇ ಲೆಕ್ಕ. ಮೊದ್ಲು ಬಂದವ್ನು ಆಫ್ ಮಾಡಿದ ಕೂಡ್ಲೇ ಕವರ್ ಬಿಚ್ಚಿದ ಅಂದಿದ್ಕೂ ಬೈದ್ರು, ಒಳಗೆ ಕರೆಂಟ್ ಹಿಡಿದಿಟ್ಕೊಳ್ಳೋ ಕೆಪಾಸಿಟರ್‌ನಲ್ಲಿ ಚಾರ್ಜ್ ಇಳಿಯೋಕೆ ನಿಮಿಷಗಟ್ಲೆ ಬೇಕು. ನಮ್ ಶೆಡ್‌ನಲ್ಲಿ ನಾಝಲ್ ಚೇಂಜ್ ಮಾಡೋನು 19 ವರ್ಷದ ಹುಡುಗ. ಆಮೇಲೆ ನಾನು ಶಾರ್ಟ್ ಸುದ್ದಿ ಎತ್ತಲಿಲ್ಲ.

ನಡುವೆ ಏರ್ ಪ್ರೆಷರ್ ಲೈಟೂ ಆಗಾಗ ಬರ್ತಿತ್ತು ಅಂದೆ. ಅದಕ್ಕೆ ದುಡ್ಡೇ ತಗೋಳ್ಲಿಲ್ಲ, "ಗಾಳಿ ಹರೀತಿರ್ವಾಗ ಗೇಜ್ ನೋಡಿ" ಅಂದ್ರು. ಶೆಡ್‌ಗೆ ಬಂದು ನೋಡಿದ್ರೆ ಸುಮ್ನೆ ಇದ್ದಾಗ 6 ಬಾರ್, ಗಾಳಿ ಬಿಟ್ರೆ 4ಕ್ಕೆ ಇಳಿಯುತ್ತೆ. ಏರ್ ಫಿಲ್ಟರ್ ಬಟ್ಲು ತುಂಬಾ ಮಳೆಗಾಲದ ನೀರು, ಒಳಗಿನ ಎಲಿಮೆಂಟ್ ಕೆಸರು ಕೆಸರು. ಬದಲಾಯಿಸಿದ್ವಿ, ಸರಿ ಹೋಯ್ತು.

ಒಟ್ಟು 1,600, ಅದ್ರಲ್ಲಿ ಕೂಲಿ 900, ಉಳಿದಿದ್ದು ಹೊಸ ಕ್ಯಾಪ್.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ನಾಳೆ 11ಕ್ಕೆ ಬನ್ನಿ ಅಂದವ್ರು ಕೊಟ್ಟಿದ್ದು ಸಂಜೆ 4ಕ್ಕೆ, ಫೋನ್ ಅಂತೂ ಎತ್ತೋದೇ ಇಲ್ಲ, ಬಿಲ್ಲು ಚೀಟಿ ಮೇಲೆ, ಜಿಎಸ್‌ಟಿ ಬಿಲ್ ಬೇಕು ಅಂದ್ರೆ ಮಗ ಬರ್ಬೇಕಂತೆ ಮಗ ಬರೋದು ಶನಿವಾರವಂತೆ. ಗಾಡಿ ನಿಲ್ಸೋಕೆ ಜಾಗ ಇಲ್ಲ, ಟಾರ್ಚ್ ಅಷ್ಟೇ ಬಿಚ್ಕೊಂಡು ಟೂ ವೀಲರ್‌ನಲ್ಲಿ ಹೋಗಿ, ಹಾಕಿರೋ ಕ್ಯಾಪು ನಾಝಲ್ಲು ಎಲೆಕ್ಟ್ರೋಡ್ ಎಲ್ಲಾ ಜೊತೇಲೇ ಒಯ್ಯಿರಿ.

ಮೂರು ವಾರ ಆಯ್ತು, ಹಳದಿ ಲೈಟ್ ಮತ್ತೆ ಬಂದಿಲ್ಲ. ತುಂಡಾಗಿದ್ದ ಜಾಗ ಕತ್ತರಿಸಿ ಹೊಸದಾಗಿ ಜೋಡಿಸಿದ್ರಿಂದ ಲೀಡ್ ಅರ್ಧ ಅಡಿ ಗಿಡ್ಡ ಆಗಿದೆ, ಕಟಿಂಗ್ ಟೇಬಲ್ಲೇ ಮಷಿನ್ ಹತ್ರ ಸ್ವಲ್ಪ ಎಳ್ಕೊಂಡಿದೀವಿ.