ಇಂಗಾಲ ಲೇಪಿತ ಕೋಬಾಲ್ಟ್ ನ್ಯಾನೊಪುಡಿ: ಜೆಲ್ ಸಂವೇದಕಕ್ಕೆ ಎಷ್ಟು ಯೋಗ್ಯ?

ಸ್ನಾತಕೋತ್ತರ ಭೌತಶಾಸ್ತ್ರ ಪ್ರಯೋಗಾಲಯಕ್ಕೆಂದು ನಾವು ತರಿಸಿಕೊಂಡದ್ದು ಇಂಗಾಲದ ತೆಳುಪದರ ಹೊದ್ದ ಕೋಬಾಲ್ಟ್ ನ್ಯಾನೊಕಣಗಳ ಪುಡಿ. ಕಣಗಳು 50 ನ್ಯಾನೊಮೀಟರಿಗಿಂತ ಚಿಕ್ಕವೆಂದೂ, ವಾಹಕ ಜೆಲ್‌ನಲ್ಲಿ ಬೆರೆಸಿದೊಡನೆ ಕಾಂತಕ್ಷೇತ್ರ ಅಳೆಯುವ ಸಂವೇದಕ ಸಿದ್ಧವಾಗುತ್ತದೆಂದೂ ಮಾರಾಟಗಾರರ ವಿವರಣೆ ಹೇಳುತ್ತದೆ. ಪುಡಿಯ ಬಗ್ಗೆ ನಮಗೆ ದೊಡ್ಡ ತಕರಾರಿಲ್ಲ, ಆದರೆ ಎರಡನೆಯ ಭರವಸೆ ಅತಿಯಾಯಿತು.

ಲೇಪನ ಈ ಪುಡಿಯ ನಿಜವಾದ ಬಲ. ಬರಿಯ ಕೋಬಾಲ್ಟ್ ನ್ಯಾನೊಕಣಗಳು ಗಾಳಿ ತಾಕಿದರೆ ಬೇಗನೆ ಆಕ್ಸೈಡ್ ಆಗುತ್ತವೆ. ಇಂಗಾಲದ ಪದರ ಅದನ್ನು ತಡೆಯುವುದಲ್ಲದೆ ತಾನೂ ವಿದ್ಯುತ್ತನ್ನು ಹರಿಯಗೊಡುತ್ತದೆ. ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಜೆಲ್‌ಗಳಲ್ಲಿನ ದೈತ್ಯ ಕಾಂತರೋಧ ಪರಿಣಾಮವನ್ನು, ಅಂದರೆ ಕಾಂತಕ್ಷೇತ್ರ ಒಡ್ಡಿದಾಗ ವಿದ್ಯುತ್ ರೋಧ ಗಣನೀಯವಾಗಿ ಬದಲಾಗುವುದನ್ನು, ವರದಿ ಮಾಡಿದಾಗ ಬಳಸಿದ್ದೂ ಇಂಥದೇ ಕಣಗಳನ್ನು.

ಬೆರೆಸುವ ಕೆಲಸ ಮಾತ್ರ ತಾಳ್ಮೆ ಬೇಡುತ್ತದೆ. ಕಣಗಳು ತಾವೇ ಪುಟ್ಟ ಅಯಸ್ಕಾಂತಗಳಾದ್ದರಿಂದ ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತವೆ. ಕಾಂತೀಯ ಸರಳನ್ನು ತಿರುಗಿಸಿ ಕಲಕುವ ಮ್ಯಾಗ್ನೆಟಿಕ್ ಸ್ಟಿರರ್ ಬಳಸಿದರಂತೂ ಅರ್ಧ ಪುಡಿ ಅದರ ಸರಳಿಗೇ ಮೆತ್ತಿಕೊಳ್ಳುತ್ತದೆ. ಜೆಲ್ ಮಾಡಲು ಬಳಸುವ, ಕಡಲಪಾಚಿಯಿಂದ ಬರುವ ಅಗರೋಸನ್ನು ಕುದಿನೀರಿನಲ್ಲಿ ಕರಗಿಸಿ, ಅದು ಹೆಪ್ಪುಗಟ್ಟುವ ಮೊದಲು, ಅಲ್ಟ್ರಾಸೌಂಡ್ ಸ್ನಾನದಲ್ಲಿ ಚದುರಿಸಿದ ಪುಡಿಯನ್ನು ಸೇರಿಸುವುದೇ ಸರಿಯಾದ ಕ್ರಮ.

ಇನ್ನು ಅಳತೆ. 1992ರಲ್ಲಿ ತಾಮ್ರದೊಳಗೆ ಹುದುಗಿದ ಕೋಬಾಲ್ಟ್ ಕಣಗಳಲ್ಲಿ ಕಂಡುಬಂದ ಪರಿಣಾಮದ ತತ್ತ್ವವೇ ಇಲ್ಲಿಯದೂ: ಕಣಗಳ ಕಾಂತತೆ ಅಡ್ಡಾದಿಡ್ಡಿಯಾಗಿರುವಾಗ ಎಲೆಕ್ಟ್ರಾನುಗಳು ತಮ್ಮ ಸ್ಪಿನ್ (ಎಲೆಕ್ಟ್ರಾನಿನ ಸಹಜ ಕಾಂತೀಯ ಗುಣ) ಕಾರಣದಿಂದ ಹೆಚ್ಚು ಚದುರುತ್ತವೆ, ಹೊರಗಿನ ಕ್ಷೇತ್ರ ಕಣಗಳ ಕಾಂತತೆಯನ್ನು ಒಂದೇ ದಿಕ್ಕಿಗೆ ತಂದಾಗ ರೋಧ ಇಳಿಯುತ್ತದೆ. ಆದರೆ ಮೆದು ಜೆಲ್‌ನಲ್ಲಿ ಕಣಗಳೇ ಸರಿದು ಕ್ಷೇತ್ರದುದ್ದಕ್ಕೂ ಸರಪಳಿಯಾಗುತ್ತವೆ, ಆಗಲೂ ರೋಧ ಇಳಿಯುತ್ತದೆ, ಮತ್ತು ಸ್ಪಿನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ವಿವರಣಾಪತ್ರ ಈ ಎಚ್ಚರಿಕೆಯನ್ನು ಕೊಡದಿರುವುದು ಸಣ್ಣ ಲೋಪವಲ್ಲ, ಏಕೆಂದರೆ ವಿದ್ಯಾರ್ಥಿಯೊಬ್ಬ ದೊಡ್ಡ ಬದಲಾವಣೆ ಕಂಡು ಸಂಭ್ರಮಿಸುವುದು ಇಲ್ಲಿಯೇ. ಜೆಲ್ ಹೆಪ್ಪುಗಟ್ಟುವಾಗಲೇ ಕ್ಷೇತ್ರವನ್ನು ಒಡ್ಡಿ ಸರಪಳಿಗಳನ್ನು ರೂಪಿಸಿ, ಗಟ್ಟಿಯಾದ ಮೇಲೆ ಅಳೆದರೆ ಗೊಂದಲ ಬಹುಪಾಲು ತಗ್ಗುತ್ತದೆ. ಕ್ಷೇತ್ರ ತೆಗೆದ ಮೇಲೂ ಹಿಂದಿರುಗದ ಇಳಿಕೆಯನ್ನು ಅನುಮಾನಿಸಬೇಕು. ನೇರ ವಿದ್ಯುತ್ತಿನಲ್ಲಿ ಎಲೆಕ್ಟ್ರೋಡುಗಳ ಬಳಿ ಅಯಾನುಗಳು ಜಮೆಯಾಗುವುದರಿಂದ ಪರ್ಯಾಯ ವಿದ್ಯುತ್ತನ್ನೇ ಬಳಸುವುದೂ, ನೀರು ಆರಿದಂತೆ ರೋಧ ತಾನಾಗಿ ಏರುವುದರಿಂದ ಮಾದರಿಯನ್ನು ಮುಚ್ಚಿಡುವುದೂ ಅಗತ್ಯ.

ಶೀಶೆಯ ಮುಚ್ಚಳ ಬಿಗಿಯಾಗಿತ್ತು, ಉಸಿರಿನೊಡನೆ ಒಳಸೇರದಂತೆ ಮುಖಗವಸು ಧರಿಸಬೇಕೆಂಬ ಸೂಚನೆಯೂ ಸ್ಪಷ್ಟವಾಗಿತ್ತು. ಕೊರತೆಯೆಂದರೆ, ಗಾತ್ರದ ಮೇಲ್ಮಿತಿ ಬಿಟ್ಟರೆ ಕಣಗಳ ಗಾತ್ರ ಹಂಚಿಕೆಯಾಗಲಿ ಕಾಂತತೆಯ ಗರಿಷ್ಠ ಮೌಲ್ಯವಾಗಲಿ ಎಲ್ಲಿಯೂ ಇಲ್ಲ. ಮತ್ತೆ ತರಿಸುವಾಗ ಈ ಎರಡನ್ನೂ ಲಿಖಿತವಾಗಿ ಪಡೆದ ಮೇಲೆಯೇ ಹಣ ಪಾವತಿಸುತ್ತೇವೆ.